ಕಿಡ್ನಿಯ ರಕ್ತನಾಳದ ತೊಂದರೆ: ರೋಬೋಟೋ, ತೆರೆದ ಆಪರೇಷನ್ನೋ, ಸ್ಟೆಂಟೋ, ಸುಮ್ಮನೆ ಕಾಯುವುದೋ?

ಬೆನ್ನುನೋವೆಂದೋ ಪಿತ್ತಕೋಶದ ಕಲ್ಲೆಂದೋ ಹಾಸನದ ಸ್ಕ್ಯಾನಿಂಗ್ ಸೆಂಟರ್‌ಗೆ ಹೋದವರ ಕೈಗೆ, ಕೇಳದೇ ಇದ್ದ ಒಂದು ಸಾಲು ಬರುತ್ತದೆ: ಬಲ ಕಿಡ್ನಿಯ ರಕ್ತನಾಳದಲ್ಲಿ ಅನ್ಯೂರಿಸಂ. ಈ ತೊಂದರೆಗಳು ಬಹುಪಾಲು ಹೀಗೇ, ಬೇರೇನನ್ನೋ ಹುಡುಕಲು ಹೋದಾಗ ಸಿಗುವಂಥವು. ಸಂಜೆಯೊಳಗೆ ಸುದ್ದಿ ನೆಂಟರಿಗೆಲ್ಲ ಮುಟ್ಟಿರುತ್ತದೆ. ಬೆಂಗಳೂರಿನಲ್ಲಿರುವ ಒಬ್ಬರು ಫೋನ್ ಮಾಡಿ, ‘ಈಗೆಲ್ಲ ರೋಬೋಟಲ್ಲೇ ಮಾಡ್ತಾರಂತೆ, ಹೊಟ್ಟೆ ಕೊಯ್ಯೋದೇ ಇಲ್ವಂತೆ’ ಅಂದಿರುತ್ತಾರೆ. ಅಲ್ಲಿಂದ ಮುಂದೆ ಮನೆಯ ಮಾತೆಲ್ಲ ಯಾವ ಆಸ್ಪತ್ರೆಯಲ್ಲಿ ರೋಬೋಟ್ ಇದೆ ಎಂಬುದರ ಸುತ್ತಲೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರೋಬೋಟ್ ಇದೆಯೇ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮೂರು ಸಂಗತಿ ತೀರ್ಮಾನವಾಗಬೇಕು: ಏನಾದರೂ ಮಾಡಲೇಬೇಕೇ, ತೊಂದರೆ ರಕ್ತನಾಳದ ಯಾವ ಜಾಗದಲ್ಲಿದೆ, ಆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ. ಈ ಮೂರಕ್ಕೆ ಉತ್ತರ ಸಿಕ್ಕರೆ, ಅರ್ಧಕ್ಕರ್ಧ ಜನರ ವಿಷಯದಲ್ಲಿ ರೋಬೋಟಿನ ಮಾತೇ ಬರುವುದಿಲ್ಲ.

ಅನ್ಯೂರಿಸಂ: ಅಳತೆಗಿಂತ ಆಳು ಮುಖ್ಯ

ಅನ್ಯೂರಿಸಂ ಎಂದರೆ ರಕ್ತನಾಳದ ಗೋಡೆ ಒಂದು ಕಡೆ ದುರ್ಬಲವಾಗಿ, ಸವೆದ ಸೈಕಲ್ ಟ್ಯೂಬಿನ ಹಾಗೆ ಉಬ್ಬಿಕೊಳ್ಳುವುದು. ಕಿಡ್ನಿಯ ರಕ್ತನಾಳದಲ್ಲಿ ಇದು ಸಾವಿರ ಜನರಲ್ಲಿ ಒಬ್ಬರಿಗೆ ಇರಬಹುದೆಂಬುದು ಸಾಮಾನ್ಯ ಅಂದಾಜು. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುವುದರಿಂದ, ಅಲ್ಲಿ ಒಡೆದರೆ ಪ್ರಾಣಕ್ಕೆ ಬರುತ್ತದೆ. ಆದರೆ ಬಹುತೇಕ ಅನ್ಯೂರಿಸಂಗಳು ಒಡೆಯುವುದಿಲ್ಲ. ಬೆಳೆಯುವುದೂ ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಹಿಂದೆ 2 ಸೆಂ.ಮೀ. ದಾಟಿದರೆ ಆಪರೇಷನ್ ಅನ್ನುತ್ತಿದ್ದರು. ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ, ಯಾವ ಲಕ್ಷಣವೂ ಇಲ್ಲದವರಿಗೆ ಆ ಗೆರೆಯನ್ನು 3 ಸೆಂ.ಮೀ.ಗೆ ಏರಿಸಿತು. ಅದಕ್ಕಿಂತ ಚಿಕ್ಕದಿದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್. ಸತತ ಎರಡು ಸಲ ಅಳತೆ ಬದಲಾಗದಿದ್ದರೆ ಎರಡು–ಮೂರು ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಈ ನಿಯಮಕ್ಕೆ ಒಂದು ದೊಡ್ಡ ಹೊರತು ಇದೆ. ಮಗು ಆಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅಳತೆಯ ಲೆಕ್ಕ ಇಲ್ಲ. ಬಸಿರಿನಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ ಒಡೆಯುವ ಭಯ ಹೆಚ್ಚು. ಒಡೆದರೆ ತಾಯಿ–ಮಗು ಇಬ್ಬರಿಗೂ ಅಪಾಯ. ಹಾಗಾಗಿ ಮೂಡಿಗೆರೆಯ ಇಪ್ಪತ್ತೆಂಟರ ಸೊಸೆಗೆ 1.8 ಸೆಂ.ಮೀ., ಕಳಸದ ಎಪ್ಪತ್ತರ ಅಜ್ಜನಿಗೆ 2.4 ಸೆಂ.ಮೀ. ಇದೆ ಅಂದುಕೊಳ್ಳಿ. ಆಪರೇಷನ್ ಬೇಕಾಗುವುದು ಚಿಕ್ಕದಿರುವ ಸೊಸೆಗೆ. ಅಜ್ಜ ಬಿಪಿ ಮಾತ್ರೆ ತಪ್ಪಿಸದೆ, ಬೀಡಿ ಬಿಟ್ಟು, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ತೋಟದಲ್ಲಿ ಓಡಾಡಿಕೊಂಡಿರಬಹುದು. ನಮ್ಮ ಮನೆಗಳಲ್ಲಿ ಆಗುವುದು ಮಾತ್ರ ತಿರುಗುಮುರುಗು. ಅಜ್ಜನನ್ನು ಅವಸರದಲ್ಲಿ ಬೆಂಗಳೂರಿಗೆ ಹೊತ್ತೊಯ್ಯುತ್ತಾರೆ. ಇನ್ನೂ ಮದುವೆಯಾಗದ ಹುಡುಗಿಯ ರಿಪೋರ್ಟನ್ನಾದರೆ, ಸಂಬಂಧ ಕೆಟ್ಟೀತೆಂದು ಮದುವೆವರೆಗೆ ಬೀರುವಿನಲ್ಲಿ ಇಡುತ್ತಾರೆ. ಆ ರಿಪೋರ್ಟ್ ಹೆರಿಗೆ ಡಾಕ್ಟರ ಕಣ್ಣಿಗೆ ಬೀಳದೆ ಹೋದರೆ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸೊಂಟದ ಪಕ್ಕ ಬಿಡದ ನೋವು, ಮೂತ್ರದಲ್ಲಿ ರಕ್ತ, ಅನ್ಯೂರಿಸಂ ಜೊತೆಗೆ ರಕ್ತನಾಳ ಕಿರಿದಾಗಿ ಮೂರು–ನಾಲ್ಕು ಮಾತ್ರೆಗೂ ಬಗ್ಗದ ಬಿಪಿ, ಇವಿದ್ದರೂ ಅಳತೆ ನೋಡುತ್ತ ಕೂರುವಂತಿಲ್ಲ.

ಜಾಗ ನೋಡಿ ದಾರಿ

ಮಾಡಿಸಲೇಬೇಕು ಎಂದಾದ ಮೇಲೆ ಎದುರಿಗಿರುವ ಮೊದಲ ದಾರಿ ಒಳಗಿನಿಂದ ಹೋಗುವುದು. ತೊಡೆಸಂದಿ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತಂತಿ ತೂರಿಸಿ, ಉಬ್ಬಿದ ಚೀಲದೊಳಗೆ ಕಾಯಿಲ್ ಎಂಬ ಸಣ್ಣ ಲೋಹದ ಸುರುಳಿ ತುಂಬುತ್ತಾರೆ, ಇಲ್ಲವೇ ಒಳಭಾಗಕ್ಕೆ ಹೊದಿಕೆಯಿರುವ ಸ್ಟೆಂಟ್ ಕೂರಿಸುತ್ತಾರೆ. ಹೊಟ್ಟೆಗೆ ಗಾಯವಿಲ್ಲ, ಒಂದೆರಡು ದಿನದಲ್ಲಿ ಮನೆ. ಉಬ್ಬು ರಕ್ತನಾಳದ ಮುಖ್ಯ ಕಾಂಡದಲ್ಲಿದ್ದರೆ, ಅಥವಾ ಚೀಲದ ಕುತ್ತಿಗೆ ಸಣ್ಣದಿದ್ದರೆ, ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗಂತೂ ಹೌದು. ರಕ್ತನಾಳ ಕಾಣಲೆಂದು ಹಾಕುವ ಡೈಯನ್ನು ಕಿಡ್ನಿ ತಡೆದೀತೇ ಎಂದು ಮೊದಲೇ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) ನೋಡಿಕೊಳ್ಳಬೇಕು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುಮಾಡುವ ಮಾತ್ರೆ ಬಿಡುವಂತಿಲ್ಲ. ಆಮೇಲೂ ಸ್ಕ್ಯಾನ್ ತಪ್ಪುವುದಿಲ್ಲ.

ತೊಡಕಿರುವುದು ಕವಲಿನಲ್ಲಿ. ಈ ಅನ್ಯೂರಿಸಂಗಳು ಹೆಚ್ಚಾಗಿ ಹುಟ್ಟುವುದು ರಕ್ತನಾಳ ಕಿಡ್ನಿಯ ಬಾಗಿಲಲ್ಲಿ ಎರಡಾಗಿ, ಮೂರಾಗಿ ಒಡೆಯುವ ಜಾಗದಲ್ಲೇ. ಅಲ್ಲಿ ಹೊದಿಕೆಯ ಸ್ಟೆಂಟ್ ಹಾಕಿದರೆ ಪಕ್ಕದ ಕವಲಿನ ಬಾಯಿ ಮುಚ್ಚಿಹೋಗುತ್ತದೆ. ಕಿಡ್ನಿಯೊಳಗಿನ ಕವಲುಗಳಿಗೆ ಒಂದಕ್ಕೊಂದು ಸಂಪರ್ಕವಿಲ್ಲ. ಒಂದು ಕವಲಿಗೆ ರಕ್ತ ನಿಂತರೆ ಅದು ನೋಡಿಕೊಳ್ಳುತ್ತಿದ್ದ ಭಾಗ ಸತ್ತಂತೆ, ಪಕ್ಕದ ಕವಲು ಬಂದು ಕಾಪಾಡುವುದಿಲ್ಲ. ಇದರ ಜೊತೆಗೆ ನಾಲ್ವರಲ್ಲಿ ಒಬ್ಬರಿಗಾದರೂ ಒಂದು ಕಿಡ್ನಿಗೆ ಒಂದಕ್ಕಿಂತ ಹೆಚ್ಚು ರಕ್ತನಾಳ ಹುಟ್ಟಿನಿಂದಲೇ ಇರುತ್ತದೆ. ವೈದ್ಯರು ‘ಕಾಂಪ್ಲೆಕ್ಸ್’ ಅನ್ನುವುದು ಇಂಥ ಜಾಗವನ್ನು. ಇಲ್ಲಿ ಉಬ್ಬನ್ನು ಕತ್ತರಿಸಿ ತೆಗೆದು, ಉಳಿದ ಕವಲುಗಳನ್ನು ಕೈಯಾರೆ ಹೊಲಿದು ಜೋಡಿಸಬೇಕು. ಸಾಲದೇ ಬಂದರೆ ಕಾಲಿನ ಸಿರೆಯ ತುಂಡೊಂದನ್ನು ತೆಗೆದು ನಡುವೆ ಕೂಡಿಸಬೇಕು. ತೆರೆದ ಆಪರೇಷನ್ನೋ ರೋಬೋಟೋ ಎಂಬ ಪ್ರಶ್ನೆ ಹುಟ್ಟುವುದು ಈಗ.

ರೋಬೋಟ್ ಮತ್ತು ತೆರೆದ ಆಪರೇಷನ್

ರೋಬೋಟ್ ತಾನಾಗಿ ಏನನ್ನೂ ಮಾಡುವುದಿಲ್ಲ. ಸರ್ಜನ್ ಅದೇ ಕೋಣೆಯ ಮೂಲೆಯಲ್ಲಿ ಕುಳಿತು ಕೈ ಆಡಿಸುತ್ತಾರೆ. ಅವರ ಕೈಯ ಚಲನೆಯನ್ನು ರೋಗಿಯ ಹೊಟ್ಟೆಯೊಳಗಿನ ಸಣ್ಣ ಉಪಕರಣಗಳು ಅನುಸರಿಸುತ್ತವೆ. ಅಮೆರಿಕದಲ್ಲಿ ‘ಡಾ ವಿನ್ಚಿ’ ಹೆಸರಿನ ರೋಬೋಟ್ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಈಗ ನಮ್ಮ ದೇಶದಲ್ಲೇ ತಯಾರಾದ ಎಸ್‌ಎಸ್‌ಐ ಮಂತ್ರ ಕೂಡ ಆಸ್ಪತ್ರೆಗಳಲ್ಲಿದೆ. ಯಾವ ಕಂಪನಿಯ ಯಂತ್ರ ಎಂಬುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಸಾಮಾನ್ಯ ಲ್ಯಾಪ್ರೋಸ್ಕೋಪಿಯ ಉಪಕರಣ ನೇರ ಕಡ್ಡಿ. ರೋಬೋಟಿನದು ಮಣಿಕಟ್ಟಿನಂತೆ ತಿರುಗುತ್ತದೆ. ನಾಲ್ಕೈದು ಮಿಲಿಮೀಟರ್ ಅಗಲದ ರಕ್ತನಾಳವನ್ನು ಕೂದಲಿನಂಥ ದಾರದಲ್ಲಿ ಸುತ್ತ ಹೊಲಿಯುವಾಗ ಈ ತಿರುಗುವಿಕೆ ನಿಜವಾಗಿ ಬೇಕು. ಕ್ಯಾಮೆರಾ ಜಾಗವನ್ನು ಹತ್ತು ಪಟ್ಟುವರೆಗೆ ದೊಡ್ಡದಾಗಿ, ಆಳ ಸಮೇತ ತೋರಿಸುತ್ತದೆ. ಹೊಲಿಗೆ ಮುಗಿದ ಮೇಲೆ ಹಸಿರು ಡೈ ಕೊಟ್ಟು ಎಲ್ಲ ಭಾಗಕ್ಕೂ ರಕ್ತ ಹರಿಯುತ್ತಿದೆಯೇ ಎಂದು ಅಲ್ಲೇ ನೋಡಬಹುದು. ಪಕ್ಕೆಯುದ್ದಕ್ಕೂ ಗಾಯ ಇರುವುದಿಲ್ಲ, ಬೇರೆ ಬೇರೆ ಕಡೆ ಒಂದು ಸೆಂಟಿಮೀಟರಿನಷ್ಟು ತೂತುಗಳು. ತೆರೆದ ಆಪರೇಷನ್ನಿನ ಪಕ್ಕೆ ಗಾಯ ಒಣಗಿದ ಮೇಲೂ ಕೆಲವರಿಗೆ ಅಲ್ಲಿ ಮಾಂಸ ಸಡಿಲವಾಗಿ ಉಬ್ಬಿಕೊಳ್ಳುತ್ತದೆ. ಕಾಫಿ ಮೂಟೆ ಎತ್ತುವವರಿಗೆ, ಏಣಿ ಹಾಕಿ ಮೆಣಸು ಕೊಯ್ಯುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಎದುರು ವಾದ. ಹೊಲಿಯುವಷ್ಟು ಹೊತ್ತೂ ಕಿಡ್ನಿಗೆ ರಕ್ತ ನಿಲ್ಲಿಸಿರಬೇಕು. ದೇಹದ ಬಿಸಿಯಲ್ಲೇ ಇರುವ ಕಿಡ್ನಿ ಸುಮಾರು 25–30 ನಿಮಿಷ ತಡೆಯುತ್ತದೆ. ಅದನ್ನು ಮೀರಿದ ಪ್ರತಿ ನಿಮಿಷವೂ ನಷ್ಟದ ಬಾಬತ್ತು. ಒಂದೇ ಉಬ್ಬು, ಎರಡೇ ಕವಲು ಆದರೆ ಪಳಗಿದ ಕೈ ಅಷ್ಟರಲ್ಲಿ ಮುಗಿಸುತ್ತದೆ. ನಾಲ್ಕು ಕವಲನ್ನು ಜೋಡಿಸುವುದಿದ್ದರೆ ರೋಬೋಟಿನಲ್ಲಿ ಗಡಿಯಾರದ ಜೊತೆ ಪಂದ್ಯ. ತೆರೆದ ಆಪರೇಷನ್ನಿನಲ್ಲಾದರೆ ಕಿಡ್ನಿಯ ಸುತ್ತ ಮಂಜುಗಡ್ಡೆ ಸುರಿದು ತಣ್ಣಗಿಟ್ಟು ನಿಧಾನವಾಗಿ ಕೆಲಸ ಮಾಡಬಹುದು. ರೋಬೋಟಿನಲ್ಲೂ ತಣ್ಣಗಿಡುವ ಉಪಾಯಗಳಿವೆ. ಕಿಡ್ನಿ ಕಸಿಯನ್ನು ರೋಬೋಟಿನಲ್ಲಿ ಮಾಡುವಾಗ ಹೊಟ್ಟೆಯೊಳಗೇ ಐಸ್ ತುಂಬುವ ವಿಧಾನವನ್ನು ಬೆಳೆಸಿದವರಲ್ಲಿ ನಮ್ಮ ದೇಶದ ತಂಡವೂ ಇದೆ. ಆದರೆ ಅದು ಎಲ್ಲರ ಕೈಗೆ ಬಂದಿರುವ ಕೆಲಸವಲ್ಲ. ಇನ್ನೊಂದು ಸಂಗತಿ, ರಕ್ತ ಚಿಮ್ಮಿದರೆ ತೆರೆದ ಹೊಟ್ಟೆಯಲ್ಲಿ ಬೆರಳಿಟ್ಟು ಒತ್ತಬಹುದು. ರೋಬೋಟ್ ಬಿಡಿಸಿ ಹೊಟ್ಟೆ ತೆರೆಯಲು ಕೆಲವು ನಿಮಿಷ ಬೇಕು. ಅದಕ್ಕೆಂದೇ ಒಳ್ಳೆಯ ತಂಡಗಳು ತೆರೆಯುವ ಸಾಮಾನನ್ನು ಮೊದಲೇ ಪಕ್ಕದಲ್ಲಿ ಸಜ್ಜು ಮಾಡಿಟ್ಟುಕೊಳ್ಳುತ್ತವೆ.

ರೋಬೋಟಿನಲ್ಲಿ ಈ ರಿಪೇರಿ ಸಾಧ್ಯ ಎಂಬುದರಲ್ಲಿ ಅನುಮಾನವಿಲ್ಲ. ಶಿಕಾಗೋದ ತಂಡವೊಂದು 2010ರಲ್ಲೇ ಐವರು ರೋಗಿಗಳ ಅನುಭವ ಪ್ರಕಟಿಸಿತ್ತು. ಆದರೆ ‘ಐವರು’ ಎಂಬುದನ್ನು ಗಮನಿಸಿ. ತೊಂದರೆಯೇ ಅಪರೂಪವಾದ್ದರಿಂದ ಸಾವಿರಾರು ಜನರ ಮೇಲೆ ರೋಬೋಟನ್ನೂ ತೆರೆದ ಆಪರೇಷನ್ನನ್ನೂ ಪಕ್ಕಪಕ್ಕ ಇಟ್ಟು ತೂಗಿದ ಅಧ್ಯಯನ ಇಲ್ಲಿ ನಿರೀಕ್ಷಿಸುವಂತಿಲ್ಲ. ಹಾಗಾಗಿ ‘ರೋಬೋಟೇ ಮೇಲು’ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಅದು ಆ ಸರ್ಜನ್ನರ ಕೈ ಮೇಲಿನ ನಂಬಿಕೆಯ ಮಾತು. ಕೈ ಒಳ್ಳೆಯದಿದ್ದರೆ ನಂಬಬಹುದು ಕೂಡ.

ಕಿಡ್ನಿಯನ್ನು ಹೊರಗೆ ತೆಗೆದು ರಿಪೇರಿ

ಕೇಳಲು ಭಯಾನಕ, ನಿಜದಲ್ಲಿ ಬಹಳ ತರ್ಕಬದ್ಧ. ಕವಲುಗಳು ತೀರಾ ಗೋಜಲಾಗಿದ್ದರೆ ಕಿಡ್ನಿಯನ್ನೇ ಹೊರತೆಗೆದು, ತಣ್ಣನೆಯ ದ್ರಾವಣ ಹರಿಸಿ, ಐಸಿನ ಬೋಗುಣಿಯಲ್ಲಿಟ್ಟು ಮೇಜಿನ ಮೇಲೆ ನಿರಾಳವಾಗಿ ಹೊಲಿಯುತ್ತಾರೆ. ತಣ್ಣಗಿರುವ ಕಿಡ್ನಿ ಗಂಟೆಗಟ್ಟಲೆ ತಡೆಯುತ್ತದೆ. ಆಮೇಲೆ ಅದನ್ನು ಅದೇ ರೋಗಿಯ ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ, ಕಸಿ ಮಾಡಿದ ಕಿಡ್ನಿ ಇರುವ ಜಾಗದಲ್ಲೇ. ತನ್ನದೇ ಕಿಡ್ನಿಯಾದ್ದರಿಂದ ದೇಹ ತಿರಸ್ಕರಿಸುವುದಿಲ್ಲ. ಕಸಿ ರೋಗಿಗಳಂತೆ ಜೀವನಪೂರ್ತಿ ಮಾತ್ರೆ ನುಂಗಬೇಕಿಲ್ಲ. 1963ರಲ್ಲಿ ಅಮೆರಿಕದ ಜೇಮ್ಸ್ ಹಾರ್ಡಿ ಇದನ್ನು ಮೊದಲು ಮಾಡಿದ್ದು ಮೂತ್ರನಾಳದ ಗಾಯಕ್ಕೆ.

ಇಲ್ಲಿ ರೋಬೋಟಿನ ಪಾತ್ರ ಬೇರೆ. ಕಿಡ್ನಿಯನ್ನು ಬಿಡಿಸಿಕೊಳ್ಳುವ ಕೆಲಸ ಲ್ಯಾಪ್ರೋಸ್ಕೋಪಿ ಅಥವಾ ರೋಬೋಟಿನಲ್ಲಿ ಆದರೆ ಪಕ್ಕೆಯ ದೊಡ್ಡ ಗಾಯ ತಪ್ಪುತ್ತದೆ. ಕೆಳಹೊಟ್ಟೆಯ ಒಂದೇ ಗಾಯದಿಂದ ಹೊರತೆಗೆದು, ಅಲ್ಲಿಂದಲೇ ಮರಳಿ ಕೂರಿಸಬಹುದು. ಹೊರತೆಗೆಯದೆ ಎಲ್ಲವನ್ನೂ ಹೊಟ್ಟೆಯೊಳಗೇ ರೋಬೋಟಿನಲ್ಲಿ ಮುಗಿಸಿದ್ದನ್ನು ಅಮೆರಿಕದ ತಂಡವೊಂದು 2014ರಲ್ಲಿ ಪ್ರಕಟಿಸಿದೆ. ನಾನಾದರೆ ಅರ್ಧ ಲ್ಯಾಪ್ರೋಸ್ಕೋಪಿ, ಅರ್ಧ ತೆರೆದ ಹಾದಿಯನ್ನೇ ಒಪ್ಪುತ್ತೇನೆ. ಇದನ್ನು ಆರಿಸಿದರೆ ನೀವು ಹುಡುಕಬೇಕಾದದ್ದು ಕಿಡ್ನಿ ಕಸಿ ಹೆಚ್ಚಾಗಿ ಮಾಡುವ ಆಸ್ಪತ್ರೆಯನ್ನು. ಅಲ್ಲಿ ರೋಬೋಟ್ ಇಲ್ಲದಿದ್ದರೂ ನಷ್ಟವಿಲ್ಲ.

‘ಇನ್ನೊಂದು ಕಿಡ್ನಿ ಇದೆಯಲ್ಲ, ಇದನ್ನು ತೆಗೆದೇ ಬಿಡಿ’ ಅನ್ನುವವರೂ ಇದ್ದಾರೆ. ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಡಿಟಿಪಿಎ ಸ್ಕ್ಯಾನ್ ಮಾಡಿಸಿ, ಆ ಕಿಡ್ನಿಯ ಪಾಲು ಶೇ. 10ಕ್ಕಿಂತ ಕಡಿಮೆ ಎಂದು ಬಂದರೆ ಆ ಮಾತಿಗೆ ಅರ್ಥವಿದೆ. ಶೇ. 40–50 ಕೆಲಸ ಮಾಡುತ್ತಿರುವ ಕಿಡ್ನಿಯನ್ನು ರಿಪೇರಿಯ ಕೈ ಸಿಗಲಿಲ್ಲವೆಂದು ತೆಗೆಸಬೇಡಿ. ಮುಂದೆ ಸಕ್ಕರೆ ಕಾಯಿಲೆಯೋ ಬಿಪಿಯೋ ಬಂದಾಗ ಅದು ಬೇಕಾಗುತ್ತದೆ. ಬರೀ ತೆಗೆಯುವುದೇ ಆದರೆ ರೋಬೋಟಿಗೆ ದುಡ್ಡು ಸುರಿಯಬೇಕಿಲ್ಲ. ಗಡ್ಡೆಯಾದ ಕಿಡ್ನಿ ತೆಗೆಸಿಕೊಂಡ ಅಮೆರಿಕದ 23,753 ರೋಗಿಗಳ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಬೋಟ್ ಮತ್ತು ಲ್ಯಾಪ್ರೋಸ್ಕೋಪಿ ನಡುವೆ ದೊಡ್ಡ ತೊಂದರೆಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ರೋಬೋಟಿನಲ್ಲಿ ಹೊತ್ತು ಹೆಚ್ಚು, ಖರ್ಚು ಹೆಚ್ಚು. ಹೊಲಿಗೆ ಇದ್ದಲ್ಲಿ ರೋಬೋಟಿಗೆ ಬೆಲೆ.

ಸಿರೆ ಒತ್ತಿಹೋದ ಹುಡುಗರು

ನಟ್‌ಕ್ರ್ಯಾಕರ್ ಎಂಬ ಹೆಸರಿನ ತೊಂದರೆಯಲ್ಲಿ ಎಡ ಕಿಡ್ನಿಯಿಂದ ರಕ್ತ ವಾಪಸ್ ಒಯ್ಯುವ ಸಿರೆ, ದೇಹದ ದೊಡ್ಡ ರಕ್ತನಾಳವಾದ ಮಹಾಪಧಮನಿಗೂ ಕರುಳಿನ ಅಪಧಮನಿಗೂ ನಡುವೆ ಸಿಕ್ಕಿ ಒತ್ತಿಹೋಗುತ್ತದೆ. ತೆಳ್ಳಗೆ ಉದ್ದಕ್ಕೆ ಬೆಳೆಯುತ್ತಿರುವ ಕಾಲೇಜು ಹುಡುಗ–ಹುಡುಗಿಯರಲ್ಲಿ ಮೂತ್ರದಲ್ಲಿ ರಕ್ತ, ಎಡ ಪಕ್ಕೆ ನೋವು, ಗಂಡುಮಕ್ಕಳಲ್ಲಿ ಎಡ ವೃಷಣದ ಸಿರೆ ಊತ. ಹದಿನೆಂಟರ ಒಳಗಿನವರಿಗೆ ಕನಿಷ್ಠ ಎರಡು ವರ್ಷ ಕಾಯುವುದೇ ರೂಢಿ. ಮೈ ತುಂಬಿಕೊಂಡ ಹಾಗೆ ಬಹುತೇಕರಿಗೆ ತಾನಾಗಿ ಕಡಿಮೆಯಾಗುತ್ತದೆ. ಸ್ಕ್ಯಾನಿನಲ್ಲಿ ಸಿರೆ ಒತ್ತಿದಂತೆ ಕಂಡಿದ್ದಕ್ಕೇ, ಲಕ್ಷಣವಿಲ್ಲದಿದ್ದರೂ ಆಪರೇಷನ್‌ಗೆ ಒಪ್ಪಬೇಡಿ. ಎಷ್ಟೋ ಆರೋಗ್ಯವಂತರಲ್ಲೂ ಹಾಗೆ ಕಾಣುತ್ತದೆ.

ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಕುಸಿದರೆ, ನೋವು ಓದು–ಕೆಲಸ ಬಿಡಿಸಿದರೆ ಆಗ ಆಯ್ಕೆಗಳು. ಸಿರೆಯೊಳಗೆ ಸ್ಟೆಂಟ್ ಸುಲಭವೆನಿಸುತ್ತದೆ, ಆದರೆ ಅದು ಜಾರಿ ಹೃದಯಕ್ಕೆ ಹೋದ ಉದಾಹರಣೆಗಳಿವೆ. ಇಪ್ಪತ್ತರ ಹರೆಯದವರಿಗೆ ಐವತ್ತು ವರ್ಷ ಬಾಳಬೇಕಾದ ಸ್ಟೆಂಟ್ ಹಾಕಲು ನನಗೆ ಮನಸ್ಸಾಗದು. ಸಿರೆಯನ್ನು ಕತ್ತರಿಸಿ ಸ್ವಲ್ಪ ಕೆಳಗೆ ಮತ್ತೆ ಜೋಡಿಸುವುದು ಹಳೆಯ, ನಂಬಿಕೆಯ ದಾರಿ. ಇದು ಒಂದೇ ಜೋಡಣೆ, ಸಿರೆಯ ಗೋಡೆ ಮೃದು, ರೋಗಿ ತೆಳ್ಳಗಿನ ಯುವಕ. ರೋಬೋಟ್ ನಿಜಕ್ಕೂ ಹೊಂದುವ ಜಾಗ ಇದು, ತೆರೆದ ಆಪರೇಷನ್ನಿಗೆ ಸರಿಸಮ ಎಂದು ಪರಿಗಣಿಸಬಹುದು.

ರೋಬೋಟ್ ಬೇಡದ ಕಡೆ

ಕೊಬ್ಬು ಕಟ್ಟಿ ಕಿರಿದಾದ ರಕ್ತನಾಳದ ವಿಷಯ ಬೇಗ ಮುಗಿಯುತ್ತದೆ. 2009ರ ಆಸ್ಟ್ರಲ್, 2014ರ ಕೋರಲ್ ಎಂಬ ಎರಡು ದೊಡ್ಡ ಪ್ರಯೋಗಗಳಲ್ಲಿ, ಬರೀ ಮಾತ್ರೆ ತೆಗೆದುಕೊಂಡವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹಠಾತ್ತನೆ ಶ್ವಾಸಕೋಶದಲ್ಲಿ ನೀರು ತುಂಬುವುದು, ಯಾವ ಮಾತ್ರೆಗೂ ಬಗ್ಗದ ಬಿಪಿ, ಇಂಥವರಿಗೆ ಸ್ಟೆಂಟ್ ಉಳಿದಿದೆ. ಮೂವತ್ತರೊಳಗಿನ ಹೆಣ್ಣುಮಗಳಿಗೆ ಬಿಪಿ 180 ಇದ್ದು, ಒಂದು ಕೈಯಲ್ಲಿ ನಾಡಿ ಸಿಗದಿದ್ದರೆ ತಕಯಾಸು ಎಂಬ ರಕ್ತನಾಳದ ಉರಿಯೂತ ಇರಬಹುದು. ನಮ್ಮ ದೇಶದ ಯುವಜನರಲ್ಲಿ ಕಿಡ್ನಿಯ ರಕ್ತನಾಳ ಕಿರಿದಾಗಲು ಇದು ಮುಖ್ಯ ಕಾರಣ. ಅಲ್ಲಿ ಮೊದಲು ಉರಿಯೂತ ಇಳಿಸಬೇಕು, ರಕ್ತನಾಳ ಹಿಗ್ಗಿಸುವ ಬಲೂನು ಆಮೇಲೆ. ಉರಿ ಆರದೆ ಮಾಡಿದ ಯಾವ ರಿಪೇರಿಯೂ ನಿಲ್ಲುವುದು ಕಷ್ಟ.

ಕಲ್ಲು ತೆಗೆಸಿಕೊಳ್ಳಲು ಬೆನ್ನಿನಿಂದ ತೂತು ಮಾಡಿಸಿಕೊಂಡವರಿಗೆ ವಾರ–ಹತ್ತು ದಿನದ ಮೇಲೆ ಕೆಂಪು ಮೂತ್ರ ಬಂದರೆ ಅದು ಆ ತೂತಿನ ದಾರಿಯಲ್ಲಿ ಗಾಯಗೊಂಡ ಸಣ್ಣ ರಕ್ತನಾಳದಿಂದ ಇರಬಹುದು. ಹಾಗಿದ್ದು ರಕ್ತ ನಿಲ್ಲದಿದ್ದರೆ ಒಳಗಿನಿಂದ ಕಾಯಿಲ್ ಹಾಕಿ ಮುಚ್ಚುವುದೇ ಮದ್ದು.

ಎಲ್ಲಿಗೆ, ಎಷ್ಟು, ಏನು ಹಿಡಿದು

ಮೊದಲ ಸುತ್ತು ಊರಲ್ಲೇ ಮುಗಿಸಿ. ಹಾಸನದ ಹಿಮ್ಸ್‌ನಲ್ಲೋ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲೋ ತೋರಿಸಿ, ಕ್ರಿಯಾಟಿನಿನ್, ಬಿಪಿ ದಾಖಲೆ, ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸೌಲಭ್ಯವಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಎರಡಕ್ಕೂ ಆ ಚೀಟಿ ಬೇಕಾಗುತ್ತದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡನ್ನೂ ನೋಡಿಕೊಳ್ಳಿ. ರೋಬೋಟಿನ ಹೆಚ್ಚುವರಿ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು, ಆಸ್ಪತ್ರೆಗೆ ದಾಖಲಾಗುವ ಮೊದಲೇ, ಅಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿ ವಿಮೆ ಇದ್ದರೆ, ವಿಮಾ ನಿಯಂತ್ರಕರ 2019ರ ನಿಯಮದಿಂದಾಗಿ ಕಂಪನಿ ರೋಬೋಟಿಕ್ ಸರ್ಜರಿಯನ್ನು ಪೂರ್ತಿ ಹೊರಗಿಡುವಂತಿಲ್ಲ, ಆದರೆ ಅದಕ್ಕೆಂದೇ ಪ್ರತ್ಯೇಕ ಮಿತಿ ಹಾಕಬಹುದು. ಪಾಲಿಸಿ 10 ಲಕ್ಷದ್ದಾದರೂ ರೋಬೋಟಿಗೆ ಅದರ ಅರ್ಧವೋ ಕಾಲೋ ಸಿಗಬಹುದು. ಆ ಸಾಲು ಪಾಲಿಸಿಯ ಒಳಪುಟದಲ್ಲಿರುತ್ತದೆ.

ಡೈ ಹಾಕಿ ರಕ್ತನಾಳ ತೋರಿಸುವ ಸಿಟಿ ಆಂಜಿಯೋಗ್ರಾಂ ಸ್ಕ್ಯಾನಿನ ಫಿಲಂ ಸಾಲದು, ಸಿಡಿ ಕೇಳಿ ಪಡೆಯಿರಿ. ಕವಲುಗಳನ್ನು ತಿರುಗಿಸಿ ನೋಡದೆ ಯಾವ ಸರ್ಜನ್ನೂ ದಾರಿ ನಿರ್ಧರಿಸಲಾರರು. ಆ ಒಂದು ಸಿಡಿ ಇದ್ದರೆ ಎರಡನೇ ಅಭಿಪ್ರಾಯಕ್ಕೆ ಮತ್ತೆ ಡೈ ಹಾಕಿಸಿಕೊಳ್ಳುವುದು ತಪ್ಪುತ್ತದೆ. ಬೆಂಗಳೂರಿನ ನೆಫ್ರೋ–ಯುರಾಲಜಿ ಸಂಸ್ಥೆ ಸರ್ಕಾರದ್ದು. ಸ್ಟೆಂಟ್–ಬಲೂನಿನ ಅಭಿಪ್ರಾಯಕ್ಕೆ ಜಯದೇವ ಇದೆ. ಯುರಾಲಜಿಸ್ಟ್ ಒಬ್ಬರನ್ನೇ ಕೇಳಿದರೆ ಆಪರೇಷನ್, ಆಂಜಿಯೋದವರನ್ನೇ ಕೇಳಿದರೆ ಸ್ಟೆಂಟ್. ಇಬ್ಬರೂ ಒಟ್ಟಿಗೆ ಕೂತು ನೋಡುವ ಆಸ್ಪತ್ರೆ ಸಿಕ್ಕರೆ ಇನ್ನೂರು ಕಿಲೋಮೀಟರ್ ಹೋಗುವುದು ಸಾರ್ಥಕ.

ಸರ್ಜನ್ ಮುಂದೆ ಕೂತಾಗ ಸಂಕೋಚ ಬೇಡ. ‘ಸರ್, ಗಡ್ಡೆ ತೆಗೆಯೋದಲ್ಲ, ರಕ್ತನಾಳ ಹೊಲಿಯೋ ಆಪರೇಷನ್ನು ರೋಬೋಟಲ್ಲಿ ನೀವು ಎಷ್ಟು ಮಾಡಿದ್ದೀರಿ? ಕಿಡ್ನಿಗೆ ಎಷ್ಟು ಹೊತ್ತು ರಕ್ತ ನಿಲ್ಲಿಸಬೇಕಾಗುತ್ತೆ? ಮಧ್ಯದಲ್ಲಿ ಆಗಲಿಲ್ಲ ಅಂದ್ರೆ ಹೊಟ್ಟೆ ತೆರೀತೀರಾ, ಹೊರಗೆ ತೆಗೆದು ಹೊಲೀತೀರಾ, ಇಲ್ಲ ಕಿಡ್ನಿನೇ ತೆಗೀತೀರಾ?’ ಮೂರನೆಯದಕ್ಕೆ ಉತ್ತರ ತಡವರಿಸಿದರೆ ಇನ್ನೊಬ್ಬರನ್ನು ನೋಡಿ. ಒಪ್ಪಿಗೆ ಪತ್ರದಲ್ಲಿ ಕಿಡ್ನಿ ತೆಗೆಯುವ ಸಾಲಿದೆಯೇ ಎಂದು ಸಹಿಗೆ ಮೊದಲು ಓದಿ, ಕನ್ನಡದಲ್ಲಿ ಕೊಡಿ ಎಂದು ಕೇಳಿ.

ತುರ್ತಲ್ಲದಿದ್ದರೆ ತಿಂಗಳನ್ನು ನೀವೇ ಆರಿಸಿಕೊಳ್ಳಬಹುದು. ಮಂಗಳೂರು–ಮಣಿಪಾಲದ ಕಡೆ ಹೋಗುವವರು ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಘಾಟಿಯನ್ನು ನೆಚ್ಚಿಕೊಳ್ಳಬೇಡಿ. ಆಪರೇಷನ್ ಆದ ಮೊದಲ ತಿಂಗಳಲ್ಲಿ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್‌ಗೆ ಮತ್ತೆ ಹೋಗಬೇಕಾಗುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಮಾಡಿಸಿಕೊಂಡವರು ಹಾಸಿಗೆಯಲ್ಲಿ ನಿಲ್ಲುವುದಿಲ್ಲ, ಕಣಕ್ಕೆ ಹೋಗಿಬಿಡುತ್ತಾರೆ. ರೋಬೋಟಿನ ತೂತು ಬೇಗ ಒಣಗುತ್ತದೆ, ಒಳಗಿನ ಹೊಲಿಗೆಗೆ ಅದರದೇ ಸಮಯ ಬೇಕು. ಭಾರ ಎತ್ತುವುದನ್ನು ಯಾವಾಗ ಶುರುಮಾಡಬಹುದೆಂದು ನಿಮ್ಮ ಸರ್ಜನ್ ಹೇಳಿದ ದಿನಾಂಕವನ್ನೇ ಹಿಡಿಯಿರಿ. ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ಅವು ಕಿಡ್ನಿಗೆ ನೇರ ಹೊಡೆತ.

ಕಾಯುವ ದಾರಿ ಆರಿಸಿಕೊಂಡವರ ಮನೆಯಲ್ಲಿ ಎಲ್ಲರಿಗೂ ಒಂದು ಸಂಗತಿ ಗೊತ್ತಿರಲಿ. ಪಕ್ಕೆಯಲ್ಲಿ ಹಠಾತ್ತನೆ ತೀವ್ರ ನೋವು, ಬೆವರು, ತಲೆ ಸುತ್ತಿ ಬೀಳುವುದು ಆದರೆ ಬೆಂಗಳೂರಿನ ಸರ್ಜನ್‌ಗೆ ಫೋನ್ ಹಚ್ಚುತ್ತ ಕೂರಬೇಡಿ. 108ಕ್ಕೆ ಮಾಡಿ, ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ‘ಕಿಡ್ನಿ ರಕ್ತನಾಳದಲ್ಲಿ ಅನ್ಯೂರಿಸಂ ಇದೆ’ ಎಂದು ಹೇಳಿ ಹಳೆಯ ರಿಪೋರ್ಟ್ ತೋರಿಸಿ. ರಕ್ತ ಕೊಟ್ಟು ಬಿಪಿ ನಿಲ್ಲಿಸುವ ಕೆಲಸ ಅಲ್ಲೇ ಶುರುವಾಗಬೇಕು, ಮುಂದಿನ ಪ್ರಯಾಣ ಅದರ ನಂತರ.